ಖಾನೇಷುಮಾರಿಯಿಂದ ಜನಸಂಖ್ಯಾ ಕಚೇರಿಗೆ

ಜನಗಣತಿ ಎಂಬ ಮಾತು ರೂಢಿಗೆ ಬರುವ ಮುನ್ನ ಹಳೆಯ ಮೈಸೂರಿನಲ್ಲಿ ಈ ಕೆಲಸಕ್ಕೆ ಖಾನೇಷುಮಾರಿ ಎಂಬ ಹೆಸರಿತ್ತು. ಪಾರಸಿಯಿಂದ ಬಂದು ಶಾನುಭೋಗರ ಕಡತದಲ್ಲಿ ನೆಲೆಸಿದ ಶಬ್ದ. ಮನೆಗಳ ಎಣಿಕೆ ಎಂದು ಅದರ ಅರ್ಥ. ಮನೆಯನ್ನೂ ಒಕ್ಕಲನ್ನೂ ಎಣಿಸುತ್ತಿದ್ದುದು ಮುಖ್ಯವಾಗಿ ಕಂದಾಯದ ದೃಷ್ಟಿಯಿಂದ. ಜನ ಏಕೆ ಹೆಚ್ಚುತ್ತಾರೆ, ಏಕೆ ಕಡಮೆಯಾಗುತ್ತಾರೆ ಎಂದು ವಿಚಾರಿಸುವುದಕ್ಕಾಗಿಯೇ ಸರ್ಕಾರ ಒಂದು ಕಚೇರಿಯನ್ನು ಇಡಬೇಕೆಂಬ ಆಲೋಚನೆ ಬಹಳ ತಡವಾಗಿ ಬಂದದ್ದು.

ಮೈಸೂರು ಸಂಸ್ಥಾನದ ಮೊದಲ ಕ್ರಮಬದ್ಧ ಗಣತಿ ನಡೆದದ್ದು 1871ರಲ್ಲಿ. ಆಗ ದೊರೆತ ಸಂಖ್ಯೆ 50,55,412. ಎರಡನೆಯದು 1881ರ ಫೆಬ್ರುವರಿ 17ರಂದು, ರಾಜ್ಯವು ಒಡೆಯರ ಮನೆತನಕ್ಕೆ ಮರಳುವುದಕ್ಕೆ ಐದು ವಾರ ಮೊದಲು. ಆಗಿನ ಸಂಖ್ಯೆ 41,86,188. ನಡುವೆ ಬಂದುಹೋದದ್ದು, ನಮ್ಮ ಅಜ್ಜಿಯರ ಕಾಲದವರೆಗೂ ಜನರ ಬಾಯಲ್ಲಿ ಉಳಿದಿದ್ದ ಧಾತು ಈಶ್ವರ ಸಂವತ್ಸರಗಳ ಕ್ಷಾಮ. ಕೋಲಾರ, ತುಮಕೂರು, ಚಿತ್ರದುರ್ಗಗಳ ಬಯಲುಸೀಮೆ ಬರಿದಾಯಿತು. ಮಲೆನಾಡಿಗೆ ತಗುಲಿದ ಪೆಟ್ಟು ಅಷ್ಟಲ್ಲ. ಒಂದು ಸಂಖ್ಯೆಯಿಂದ ಇನ್ನೊಂದನ್ನು ಕಳೆದರೆ 8,69,224 ಎಂದು ಬರುತ್ತದೆ. ಸತ್ತವರು ಇಷ್ಟೇ ಎಂದು ತಿಳಿಯುವುದು ತಪ್ಪು. 1871ರಿಂದ ಕ್ಷಾಮದ ಹೊಸ್ತಿಲಿನವರೆಗೆ ಜನ ಹೆಚ್ಚಿದ್ದರೆ ಆ ಹೆಚ್ಚಳವೂ ಇದರೊಳಗೆ ಮುಚ್ಚಿಹೋಗಿದೆ. ಊರು ಬಿಟ್ಟು ಹೋದವರೆಷ್ಟು, ಹಸಿವಿನ ದೆಸೆಯಿಂದ ಹುಟ್ಟದೆಯೇ ಉಳಿದ ಮಕ್ಕಳೆಷ್ಟು? ಹತ್ತು ವರ್ಷಕ್ಕೊಮ್ಮೆ ತಲೆ ಎಣಿಸುವುದರಿಂದ ಈ ಪ್ರಶ್ನೆಗಳಿಗೆ ಉತ್ತರ ಸಿಗದು. ಹುಟ್ಟು, ಸಾವು, ವಲಸೆಗಳನ್ನು ವರ್ಷವರ್ಷವೂ ಬರೆದಿಡಬೇಕು. ಬರೆದುದನ್ನು ಕುಳಿತು ಓದುವವರೂ ಬೇಕು.

ಆದರೆ ಆ ಕಾಲದ ಗಣತಿ ಕಚೇರಿ ಜಾತ್ರೆಯ ಅಂಗಡಿಯಂತೆ. ಗಣತಿ ಹತ್ತಿರವಾದಾಗ ಒಬ್ಬ ಅಧಿಕಾರಿಯನ್ನು ನೇಮಿಸುವುದು, ವರದಿ ಅಚ್ಚಾದೊಡನೆ ಬಾಗಿಲು ಹಾಕುವುದು. ಅಲ್ಲಿ ಗಳಿಸಿದ ಅನುಭವ ಮುಂದಿನವರಿಗೆ ವರದಿಯ ಪುಟಗಳಲ್ಲಿ ದಕ್ಕಿದಷ್ಟೇ. ಹೀಗೆ 1931ರಲ್ಲಿ ಬಂದ ಅಧಿಕಾರಿ ಎಂ. ವೆಂಕಟೇಶ ಅಯ್ಯಂಗಾರ್, ನಮಗೆಲ್ಲ ಮಾಸ್ತಿಯವರೆಂದೇ ಪರಿಚಿತರು. ಸಣ್ಣಕತೆಗಳ ಕರ್ತೃವೇ 65,57,302 ಜನರ ಲೆಕ್ಕವನ್ನು ನೋಡಿದನೆಂಬುದು ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಇಂದಿಗೂ ಸಂತೋಷದ ಸಂಗತಿ. ಆಗಿನ ಪದ್ಧತಿ ಒಂದು ರಾತ್ರಿಯ ಎಣಿಕೆ: ಆ ಇರುಳು ಯಾರು ಎಲ್ಲಿದ್ದರೋ ಅಲ್ಲಿಯವರೇ. ಯೋಗ ಕಲಿಯಲು ದೇಶದೇಶಗಳಿಂದ ಬಂದು ತಿಂಗಳುಗಟ್ಟಲೆ ತಂಗುವವರಿರುವ ನಮ್ಮ ಗೋಕುಲಂ ಬಡಾವಣೆಯಲ್ಲಿ ಇಂದು ಹಾಗೆ ಎಣಿಸಿದರೆ ಮೈಸೂರಿನ ಜನಸಂಖ್ಯೆಗೆ ವಿಚಿತ್ರವಾದ ಬಣ್ಣ ಬಂದೀತು!

ಇದೇ ಮೈಸೂರು ಸರ್ಕಾರ 1930ರಲ್ಲಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಸರ್ಕಾರವೊಂದು ತಾನೇ ಈ ಕಾರ್ಯಕ್ಕೆ ಕೈಹಾಕಿದ್ದು ಅಂದು ಲೋಕದಲ್ಲಿಯೇ ಅಪೂರ್ವ. ಇಂಥ ಧೈರ್ಯ ತೋರಿದ ರಾಜ್ಯದಲ್ಲಿಯೂ ಗಣತಿಯ ಕಚೇರಿ ಮಾತ್ರ ಹತ್ತು ವರ್ಷಕ್ಕೊಮ್ಮೆ ಹುಟ್ಟಿ ಸಾಯುತ್ತಲೇ ಇತ್ತು.

ಸ್ಥಿರವಾದ ಕಚೇರಿ ಬಂದದ್ದು ಸ್ವಾತಂತ್ರ್ಯಾನಂತರ. 1948ರಲ್ಲಿ ಗಣತಿ ಕಾಯಿದೆಯಾಯಿತು. 1949ರ ಮೇ ತಿಂಗಳಲ್ಲಿ ಭಾರತ ಸರ್ಕಾರ ತನ್ನ ಗೃಹಖಾತೆಯ ಅಧೀನದಲ್ಲಿ ರಿಜಿಸ್ಟ್ರಾರ್ ಜನರಲ್ ಎಂಬ ಹುದ್ದೆಯನ್ನು ಸೃಷ್ಟಿಸಿ, ಜನಸಂಖ್ಯೆಯ ಗಾತ್ರ ಮತ್ತು ಬೆಳವಣಿಗೆಗಳ ಅಂಕಿಗಳನ್ನು ಸಂಗ್ರಹಿಸುವ ಹೊಣೆಯನ್ನು ಅದಕ್ಕೆ ಒಪ್ಪಿಸಿತು. ಅದಾದ ಸ್ವಲ್ಪ ಕಾಲಕ್ಕೆ ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಕೂಡಿ ಆಳವಾದ ಅಧ್ಯಯನಕ್ಕೆ ಆರಿಸಿಕೊಂಡದ್ದು ನಮ್ಮ ಮೈಸೂರು ರಾಜ್ಯವನ್ನೇ. 1952ರಲ್ಲಿ ಬೆಂಗಳೂರಿನಲ್ಲಿಯೂ ಹಳ್ಳಿಗಳಲ್ಲಿಯೂ ಮನೆಮನೆಗೆ ಹೋಗಿ ಮದುವೆ, ಹೆರಿಗೆ, ಸಾವು, ವಲಸೆಗಳ ವಿಚಾರ ಕೇಳಿದರು. ವರದಿ ಹೊರಬಂದದ್ದು 1961ರಲ್ಲಿ. ತಲೆ ಎಣಿಸಿ ಹಿಂದಿರುಗದೆ, ಮನೆಯವರನ್ನು ಮಾತನಾಡಿಸಿ ಕಾರಣವನ್ನು ಹುಡುಕಿದ ಈ ಕೆಲಸಕ್ಕೆ ದೊರೆಯಬೇಕಾದಷ್ಟು ಪ್ರಸಿದ್ಧಿ ನಮ್ಮಲ್ಲಿ ದೊರೆಯಲಿಲ್ಲ.

ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯಿದೆಯಾದದ್ದು 1969ರಲ್ಲಿ. ಕರ್ನಾಟಕದಲ್ಲಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶಕರೇ ಅದರ ಮುಖ್ಯ ನೋಂದಣಾಧಿಕಾರಿ. ಈ ಕೆಲಸ ಬೇಸರದ್ದು, ಮೆಚ್ಚುಗೆ ದೊರೆಯದ್ದು. ಆದರೂ ಎರಡು ಗಣತಿಗಳ ನಡುವಣ ಕತ್ತಲೆಯಲ್ಲಿ ಇದೇ ಕೈದೀಪ. 2021ರಲ್ಲಿ ನಡೆಯಬೇಕಾಗಿದ್ದ ಗಣತಿ ಆ ವರ್ಷ ನಡೆಯದೆ ಹೋದಾಗ ಆ ಕತ್ತಲೆ ಇನ್ನೂ ಉದ್ದವಾಯಿತು. 2027ರ ಮಾರ್ಚ್ 1ನ್ನು ಮುಂದಿನ ಗಣತಿಯ ಆಧಾರದಿನವೆಂದು ಸರ್ಕಾರ ಸಾರಿದ್ದು 2025ರ ಜೂನಿನಲ್ಲಿ.