ಎಂಜಿನ್ ಹಿಂದೆ, ಚಾಲಕ ಮುಂದೆ: ಫೋಕ್ಸ್‌ವ್ಯಾಗನ್ ವ್ಯಾನಿನ ವಿದ್ಯುತ್ತು ಮತ್ತು ಶಾಖದ ಚರಿತ್ರೆ

ಡಚ್ ವರ್ತಕ ಬೆನ್ ಪಾನ್ 1947ರ ಏಪ್ರಿಲ್‌ನಲ್ಲಿ ಗೀಚಿದ ಪುಟ್ಟ ನಕ್ಷೆಯಲ್ಲಿ ಚಾಲಕನ ಆಸನ ಮುಂದಿನ ತುದಿಗೂ ಎಂಜಿನ್ ಹಿಂದಿನ ತುದಿಗೂ ಸರಿದು, ನಡುವಿನ ಜಾಗವೆಲ್ಲ ಸರಕಿಗೆ ಮೀಸಲಾಗಿತ್ತು. 1950ರಲ್ಲಿ ಜರ್ಮನಿಯ ವೋಲ್ಫ್ಸ್‌ಬರ್ಗ್‌ನಲ್ಲಿ ತಯಾರಿಕೆ ಆರಂಭವಾಗಿ, 1956ರಲ್ಲಿ ಹ್ಯಾನೋವರ್‌ಗೆ ವರ್ಗವಾದ ಫೋಕ್ಸ್‌ವ್ಯಾಗನ್ ವ್ಯಾನಿಗೆ ಈ ವಿನ್ಯಾಸ ವಿಶಾಲವಾದ ಒಡಲನ್ನು ಕೊಟ್ಟಿತು. ಆದರೆ ವಿದ್ಯುತ್ತೂ ಶಾಖವೂ ಹುಟ್ಟುವುದು ಹಿಂದೆ, ಬೇಕಾಗುವುದು ಮುಂದೆ ಎಂಬ ಅಂತರವೂ ಅದರೊಡನೆಯೇ ಬಂತು. ಈ ವಾಹನದ ರಿಪೇರಿಯ ಚರಿತ್ರೆಯನ್ನು ರೂಪಿಸಿದ್ದು ಮುಖ್ಯವಾಗಿ ಆ ಅಂತರವೇ.

ಮೊದಲ ವ್ಯಾನುಗಳ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ಎಂಜಿನ್ ಪಕ್ಕದ ಬ್ಯಾಟರಿಯಿಂದ ಹೊರಟ ವಿದ್ಯುತ್ತು ಉದ್ದದ ತಂತಿಗಳಲ್ಲಿ ಹರಿದು ಮುಂದಿನ ದೀಪಗಳನ್ನು ಮುಟ್ಟಿ, ವಾಹನದ ಲೋಹದ ಮೈಯ ಮೂಲಕವೇ ಹಿಂದಿರುಗುತ್ತಿತ್ತು. ಈ ಮರುದಾರಿಗೆ ಅರ್ಥ್ ಎಂದು ಹೆಸರು. 45 ವಾಟಿನ ದೀಪಕ್ಕೆ 6 ವೋಲ್ಟಿನಲ್ಲಿ 7.5 ಆಂಪಿಯರ್ ಬೇಕಾದರೆ, 12 ವೋಲ್ಟಿನಲ್ಲಿ ಅದರ ಅರ್ಧ ಸಾಕು. ಆದ್ದರಿಂದ ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ ಹಾಳಾಗುವ ಶಕ್ತಿ ಹಳೆಯ ವ್ಯವಸ್ಥೆಯಲ್ಲಿ ಸುಮಾರು ನಾಲ್ಕು ಪಟ್ಟು ಹೆಚ್ಚು. ಬ್ಯಾಟರಿ ಚೆನ್ನಾಗಿದ್ದೂ ದೀಪ ಮಂಕಾಗುವುದು ಈ ಕಾರಣದಿಂದಲೇ. 1967ರ ಮಾದರಿಗಳಿಂದ 12 ವೋಲ್ಟಿನ ವ್ಯವಸ್ಥೆ ಬಂದಾಗ ಈ ತೊಂದರೆ ತಗ್ಗಿತಾದರೂ, ಫ್ಯೂಸ್ ಹಿಡಿಕೆಗಳಿಗೂ ಅರ್ಥ್ ಜೋಡಣೆಗಳಿಗೂ ಹಿಡಿಯುವ ತುಕ್ಕು ಹಾಗೆಯೇ ಉಳಿಯಿತು.

ಶಾಖದ ಕಥೆ ಇನ್ನೂ ಜಟಿಲ. ಎಂಜಿನ್ ಗಾಳಿಯಿಂದ ತಣಿಯುವಂಥದಾದ್ದರಿಂದ, ಚಳಿಗಾಲದಲ್ಲಿ ಒಳಗನ್ನು ಬೆಚ್ಚಗಿಡಲು ಬಿಸಿನೀರೇ ಇರಲಿಲ್ಲ. ಹೊಗೆಕೊಳವೆಯನ್ನು ಸುತ್ತುವರಿದ ಲೋಹದ ಕವಚದಲ್ಲಿ, ಅಂದರೆ ಶಾಖ ವಿನಿಮಯಕದಲ್ಲಿ, ಗಾಳಿಯನ್ನು ಕಾಯಿಸಿ ನೆಲದಡಿಯ ಕೊಳವೆಯಲ್ಲಿ ಮುಂದಕ್ಕೆ ತಳ್ಳುವುದು ಇದಕ್ಕೆ ಕಂಡುಕೊಂಡ ಉಪಾಯ. ಗಾಳಿ ದಾರಿಯಲ್ಲೇ ಆರುತ್ತಿತ್ತು. ಕವಚದ ಕದ ತೆರೆಯುವ ತಂತಿ ತುಕ್ಕಿನಿಂದ ಬಿಗಿದುಕೊಂಡರೆ ಶಾಖವೇ ಬರುತ್ತಿರಲಿಲ್ಲ. ವಿನಿಮಯಕದ ಒಳಕೊಳವೆ ತೂತಾದರೆ ಮಾರಕವಾದ ಕಾರ್ಬನ್ ಮೊನಾಕ್ಸೈಡ್ ಪ್ರಯಾಣಿಕರಿದ್ದಲ್ಲಿಗೇ ನುಗ್ಗುವ ಅಪಾಯವಿತ್ತು. ಈ ಕೊರತೆಯನ್ನು ನೀಗಲು ಕೆಲವು ವ್ಯಾನುಗಳಿಗೆ ಎಬರ್ಸ್‌ಪೆಶರ್ ಸಂಸ್ಥೆಯ ಪೆಟ್ರೋಲ್ ಹೀಟರ್ ಅಳವಡಿಸಲಾಯಿತು. ತನ್ನದೇ ಬೀಸಣಿಗೆ, ಕಿಡಿ, ಉಷ್ಣ ಸ್ವಿಚ್ಚುಗಳಿದ್ದ ಈ ಪುಟ್ಟ ಒಲೆಯಿಂದಾಗಿ ಶಾಖದ ದೋಷವನ್ನು ಹುಡುಕುವವನು ವಿದ್ಯುತ್ತಿನ ದೋಷವನ್ನೂ ಹುಡುಕಬೇಕಾಯಿತು.

1979ರಲ್ಲಿ ಬಂದ ಮೂರನೆಯ ತಲೆಮಾರಿಗೆ 1980ರ ದಶಕದ ಆರಂಭದಲ್ಲಿ ನೀರಿನಿಂದ ತಣಿಯುವ ಎಂಜಿನ್ ದೊರೆತರೂ, ಎಂಜಿನ್ ಹಿಂದೆಯೇ ಉಳಿದು ರೇಡಿಯೇಟರ್ ಮುಂದಕ್ಕೆ ಹೋಯಿತು. ಉದ್ದದ ನೀರುಕೊಳವೆಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಒಂದೆಡೆ ಹೀಟರ್ ತಣ್ಣಗಾಗಿ, ಇನ್ನೊಂದೆಡೆ ಎಂಜಿನ್ ಕಾದುಹೋಗುತ್ತಿತ್ತು. ವಾಹನದ ಮೂತಿಯನ್ನು ಮೇಲಕ್ಕೆತ್ತಿ, ರೇಡಿಯೇಟರಿನ ತಿರುಪು ಸಡಿಲಿಸಿ ಗಾಳಿಯನ್ನು ಹೊರಬಿಡುವುದು ಆಗ ರೂಢಿಗೆ ಬಂದ ಕ್ರಮ.

ದೋಷ ಕಾಣುವ ಜಾಗವೇ ದೋಷ ಇರುವ ಜಾಗವಲ್ಲ ಎಂಬ ಪಾಠವನ್ನು ಈ ಎಲ್ಲ ಹಂತಗಳೂ ಕಲಿಸಿದವು. ಬಲ್ಬು, ಮೋಟಾರುಗಳನ್ನು ಒಂದರ ಮೇಲೊಂದು ಬದಲಾಯಿಸುವ ಬದಲು, ಉಪಕರಣ ಚಾಲನೆಯಲ್ಲಿರುವಾಗಲೇ ತಂತಿಯ ಎರಡು ತುದಿಗಳ ನಡುವೆ ವೋಲ್ಟ್‌ಮೀಟರ್ ಹಿಡಿದರೆ, ದಾರಿಯಲ್ಲಿ ಸೋರಿಹೋದ ವೋಲ್ಟೇಜು ಅಂಕಿಯಾಗಿ ಕಾಣುತ್ತದೆ. ಅರ್ಥ್ ದಾರಿಯನ್ನೂ ಹೀಗೆಯೇ ಅಳೆದಾಗ ಪರೀಕ್ಷೆ ಪೂರ್ಣವಾಗುತ್ತದೆ. 1990ರಲ್ಲಿ ಬಂದ ನಾಲ್ಕನೆಯ ತಲೆಮಾರಿನಲ್ಲಿ ಎಂಜಿನ್ ಮುಂದಕ್ಕೆ ಬಂದು ಜರ್ಮನಿಯಲ್ಲಿ ಆ ಅಂತರ ಕೊನೆಗೊಂಡಿತು. ಹಳೆಯ ವಿನ್ಯಾಸ ಬ್ರೆಜಿಲ್‌ನಲ್ಲಿ 2013ರವರೆಗೆ ತಯಾರಾಗುತ್ತಿತ್ತು. ಇಂದಿಗೂ ರಸ್ತೆಯ ಮೇಲಿರುವ ಆ ವ್ಯಾನುಗಳನ್ನು ಉಳಿಸಿಕೊಳ್ಳುವುದೆಂದರೆ, ಬೆನ್ ಪಾನ್ ಎರಡು ತುದಿಗಳ ನಡುವೆ ಬಿಟ್ಟ ಜಾಗವನ್ನು ಗೇಣು ಗೇಣಾಗಿ ಪರಿಶೀಲಿಸುತ್ತ ಸಾಗುವುದೇ ಆಗಿದೆ.