ಶ್ರೀರಂಗಪಟ್ಟಣದ ಯುದ್ಧಕೈದಿಗಳ ಬಿಡುಗಡೆ (1784)

ಎರಡನೆಯ ಮೈಸೂರು ಯುದ್ಧದಲ್ಲಿ ಸೆರೆಸಿಕ್ಕಿದ್ದ ಬ್ರಿಟಿಷರ ಮದ್ರಾಸ್ (ಈಗಿನ ಚೆನ್ನೈ) ಸೇನೆಯವರು 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಂತೆ ಬಿಡುಗಡೆಗೊಂಡ ಘಟನೆ. ಹಲವರು 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಮೈಸೂರಿನ ಹೈದರಾಲಿಯ ಪಡೆಗೆ ಸಿಕ್ಕಿಬಿದ್ದವರು. ಅವರ ನಾಯಕ ಕರ್ನಲ್ ಬೇಲಿ 1782ರಲ್ಲಿ ಸೆರೆಯಲ್ಲೇ ತೀರಿಕೊಂಡ. ಕೈದಿಗಳಲ್ಲೊಬ್ಬನಾದ ಡೇವಿಡ್ ಬೇರ್ಡ್ ಗಾಯಗೊಂಡಿದ್ದರಿಂದ ಅವನಿಗೆ ತೊಡಿಸಬೇಕಿದ್ದ ಬೇಡಿಯನ್ನೂ ಜೊತೆಯ ಕೈದಿ ಕ್ಯಾಪ್ಟನ್ ಲ್ಯೂಕಸ್ ತಾನೇ ತೊಟ್ಟನೆಂಬ ಕಥೆ ಪ್ರಸಿದ್ಧ. ಮದ್ರಾಸಿನ ಗವರ್ನರ್ ಮೆಕಾರ್ಟ್ನಿ ಕಳುಹಿಸಿದ ಮೂವರು ಪ್ರತಿನಿಧಿಗಳು ಹೈದರನ ನಂತರ ಪಟ್ಟಕ್ಕೆ ಬಂದಿದ್ದ ಅವನ ಮಗ ಟಿಪ್ಪುವಿನೊಡನೆ ಸಂಧಾನ ನಡೆಸಿದರು. ಕೈದಿಗಳ ಜೊತೆ ಗೆದ್ದ ಪ್ರದೇಶಗಳನ್ನೂ ಎರಡೂ ಕಡೆಯವರು ಹಿಂದಿರುಗಿಸಬೇಕಾಯಿತು. ಎಲ್ಲರಿಗೂ ಬಿಡುಗಡೆ ಸಿಗಲಿಲ್ಲ: ಫ್ರೆಂಚರು ಹಿಡಿದು ಹೈದರನಿಗೊಪ್ಪಿಸಿದ್ದ ಹುಡುಗ ಜೇಮ್ಸ್ ಸ್ಕರಿ ತಪ್ಪಿಸಿಕೊಳ್ಳುವ ಹೊತ್ತಿಗೆ ಸುಮಾರು ಹತ್ತು ವರ್ಷ ಕಳೆದಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆಯಿಟ್ಟ ದಂಡಿನ ಮುಂದಾಳು ಇದೇ ಬೇರ್ಡ್.