ಗಾಣದ ಒಲೆಯಿಂದ ಪ್ಲಾಂಕ್‌ವರೆಗೆ

ಕರ್ನಾಟಕ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಬಗ್ಗೆ ಗಡಿಭಾಗದ ವಿದ್ಯಾರ್ಥಿಗಳ ಪರವಾಗಿ ನಾಲ್ಕು ಮಾತು ಬರೆಯಿರೆಂದು ಸಂಚಿಕೆಯ ಸಮಿತಿ ಕೇಳಿದೆ. ನಾನು ಕೃಷ್ಣಾ ದಂಡೆಯ ಜುಗೂಳದವನು. ಆಚೆ ದಂಡೆಯ ಖಿದ್ರಾಪುರ ಮಹಾರಾಷ್ಟ್ರ. ಮಿರಜ, ಸಾಂಗಲಿ ನಮಗೆ ಕೈಯಳತೆಯಲ್ಲಿವೆ. ಆದರೂ ಎಂ.ಎಸ್ಸಿ. ಅಂದರೆ ಶೇಡಬಾಳದಲ್ಲಿ ರೈಲು ಹಿಡಿದು ಧಾರವಾಡಕ್ಕೇ ಹೋಗಬೇಕೆಂಬ ಹಟ ನಮ್ಮ ಹಿರಿಯರಿಗಿತ್ತು.

ಆ ಹಟದ ಹಿಂದೆ ಡಿ. ಸಿ. ಪಾವಟೆಯವರಿದ್ದರು. ಗೋಕಾಕ ತಾಲೂಕಿನ ಮಮದಾಪುರದ ಹುಡುಗ ಕೇಂಬ್ರಿಜ್‌ನಲ್ಲಿ ಗಣಿತದ ರ‍್ಯಾಂಗ್ಲರ್ ಆದದ್ದು ನಮ್ಮ ಕಡೆ ಮನೆಮಾತು. 1949ರ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ ಮುಂಬಯಿಯಲ್ಲಿ ಕಣ್ಣುಬಿಟ್ಟು, ಮರುವರ್ಷ ಧಾರವಾಡಕ್ಕೆ ಬಂತು. 1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಪಾವಟೆಯವರು ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಅದನ್ನು ಕಟ್ಟಿ ನಿಲ್ಲಿಸಿದರು. ಭೌತಶಾಸ್ತ್ರಕ್ಕೆ ಮುಂಬಯಿಯಿಂದ ಎನ್. ಆರ್. ತಾವಡೆಯವರು ಬಂದರು. ಅಣುಗಳ ರೋಹಿತದಲ್ಲಿ ಪಟ್ಟಿಗಳ ತೀವ್ರತೆ ಅಳೆದು, ಅದರಿಂದ ಉಷ್ಣತೆ ಲೆಕ್ಕ ಹಾಕುವುದರಲ್ಲಿ ಅವರದು ಪಳಗಿದ ಕೈ. ಮುಂದೆ ಮಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ ಎಂ. ಐ. ಸವದತ್ತಿಯವರೂ ಇದೇ ವಿಭಾಗದ ಪ್ರಾಧ್ಯಾಪಕರು.

ಆದರೆ ನನ್ನ ತಲೆಮಾರಿಗೆ ವಿಭಾಗವೆಂದರೆ ಉಷ್ಣ ವಿಕಿರಣದ ಸೆಮಿನಾರು. ನಡೆಸುತ್ತಿದ್ದ ಸರ್ ಹೆಸರು ಹಾಕಿದರೆ ಅವರಿಗೆ ಸೇರುವುದಿಲ್ಲ, ಹಾಕುವುದಿಲ್ಲ. ಅವರು ಹಿಂದಿನ ಬೆಂಚಿನಲ್ಲಿ ಕೂಡುವವರು, ಖಡು ನಮ್ಮ ಕೈಯಲ್ಲಿ. ಸಹಾ ಮತ್ತು ಶ್ರೀವಾಸ್ತವರ ಪುಸ್ತಕ ಬಾಯಿಪಾಠ ಮಾಡಿ ಹೋದ ನನ್ನನ್ನು ಮೊದಲ ಸಾಲಿಗೇ ತಡೆದರು.

“ಏನಪಾ, ನಿಮ್ಮೂರಾಗ ಬೆಲ್ಲದ ಗಾಣ ಅದಾವಲ್ಲ? ಒಲಿ ಬಾಯಿ ನೋಡೀಯಿಲ್ಲೊ?”

ನೋಡಿದ್ದೆ. ರವದಿ, ಸಿಪ್ಪೆ ಹಾಕಿ ಉರಿಸುವ ಒಲೆಯ ಬಾಯಿಯೇ ಕಿರ್ಚಾಫ್ 1859ರಲ್ಲಿ ಹಿಡಿದ ಸಮಸ್ಯೆ ಎಂದು ತೋರಿಸಿದರು. ಎಲ್ಲ ಕಡೆ ಮುಚ್ಚಿ ಸಣ್ಣ ಕಿಂಡಿ ಬಿಟ್ಟ ಪೊಳ್ಳಿನೊಳಗೆ ಹೊಕ್ಕ ಬೆಳಕು ಗೋಡೆಯಿಂದ ಗೋಡೆಗೆ ಬಡಿದು ಅಲ್ಲೇ ಇಂಗುತ್ತದೆ. ಕಿಂಡಿಯಿಂದ ಹೊರಬರುವ ವಿಕಿರಣಕ್ಕೆ ಗೋಡೆ ಮಣ್ಣಿನದೋ ಕಬ್ಬಿಣದ್ದೋ ಎಂಬುದು ಲೆಕ್ಕಕ್ಕಿಲ್ಲ. ಉಷ್ಣತೆಯೊಂದೇ ಲೆಕ್ಕ. ಅದೇ ಕೃಷ್ಣಕಾಯ. ಒಲೆ 1100 ಕೆಲ್ವಿನ್ ಅಂತ ಹಿಡಿ, ವೀನ್ ನಿಯಮ ಹಚ್ಚು ಎಂದರು. ವಿಕಿರಣದ ಶಿಖರ 2.6 ಮೈಕ್ರಾನ್ ತರಂಗಾಂತರದ ಬಳಿ ಬಂತು. ಕಣ್ಣಿಗೆ ಕಾಣುವ ಕೆಂಪು 0.7ಕ್ಕೇ ಮುಗಿಯುತ್ತದೆ. “ಹಂಗಾದ್ರ ಮಾರಿಗೆ ಬಡದದ್ದು ಯಾವ ಬೆಳಕು?” ಕಂಡ ಕೆಂಪು ಬರೀ ಬಾಲ, ಸುಟ್ಟದ್ದು ಕಾಣದ ಅವಕೆಂಪು. ಗಾಣದೆದುರೇ ಬೆಳೆದ ನನಗೆ ಇದು ಇಪ್ಪತ್ತು ದಾಟಿದ ಮೇಲೆ ಹೊಳೆಯಿತು.

ಮುಂದಿನ ವಾರ ರ‍್ಯಾಲೆ-ಜೀನ್ಸ್ ಸೂತ್ರ. ಅದರ ಪ್ರಕಾರ ಒಲೆಯ ಬಾಯಿಂದ ನೇರಳಾತೀತ ಕಿರಣ ಅನಂತವಾಗಿ ಸುರಿಯಬೇಕು. ಯಾವ ಗಾಣಿಗನೂ ಬದುಕಿ ಉಳಿಯುತ್ತಿರಲಿಲ್ಲ! 1900ರ ಡಿಸೆಂಬರಿನಲ್ಲಿ ಇದೇ ವಿಕಿರಣದ ಲೆಕ್ಕಕ್ಕೆ ಪ್ಲಾಂಕ್ ಶಕ್ತಿಯನ್ನು ಕಂತುಕಂತಾಗಿ ಎಣಿಸಿದ್ದು ಯಾಕೆ ಅನ್ನುವಲ್ಲಿಗೆ ಬರಲು ನಮಗೆ ಇಡೀ ಸತ್ರ ಹಿಡಿಯಿತು. ಪರೀಕ್ಷೆಗೆ ಅಷ್ಟು ಬೇಕಿರಲಿಲ್ಲ. ಕೆಲವರು ಗೊಣಗಿದ್ದೂ ಉಂಟು. ಕೊನೆಗೆ ಸತ್ಯೇಂದ್ರನಾಥ ಬೋಸ್: ಢಾಕಾದಲ್ಲಿ ಪಾಠ ಹೇಳುವಾಗ ಪ್ಲಾಂಕ್ ಸೂತ್ರಕ್ಕೆ ಇದ್ದ ವ್ಯುತ್ಪತ್ತಿಗಳು ಸಮಾಧಾನ ಕೊಡದೆ, ಫೋಟಾನುಗಳನ್ನು ಬೇರೆ ರೀತಿಯಲ್ಲಿ ಎಣಿಸಿ 1924ರಲ್ಲಿ ಐನ್‌ಸ್ಟೈನರಿಗೆ ಕಳಿಸಿದವರು. “ಮಾಸ್ತರಗ ಸಮಾಧಾನ ಇರಬಾರದು” ಎಂದು ಸರ್ ನಗುತ್ತಿದ್ದರು.

ಮುಂದಿನ ದಶಕಗಳಲ್ಲಿ ಉಪಕರಣಗಳು ಬಂದವು, ಪಿಎಚ್‌.ಡಿ.ಗಳಾದವು, ಹಿರಿಯರು ನಿವೃತ್ತರಾದರು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಬೇರೆಯಾಯಿತು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗಿ ನಮ್ಮ ಬೆಳಗಾವಿ ಜಿಲ್ಲೆಯ ಕಾಲೇಜುಗಳೂ ಅತ್ತ ಹೋದವು. ಆಗ ಯಾರು ಏನಂದರು ಎಂಬುದು ಈ ಸಂಚಿಕೆಗೆ ಬೇಡ. ಎರಡೂ ಮನೆಯಲ್ಲಿ ನಮ್ಮವರೇ ಇದ್ದಾರೆ.

ಒಂದು ಸಾಧನೆಯನ್ನು ಮಾತ್ರ, ನನ್ನದೆಂದು ಸಂಕೋಚಪಡದೆ, ವಿಭಾಗದ ಖಾತೆಗೆ ಬರೆಯುತ್ತೇನೆ. ಅಥಣಿ ಭಾಗದಲ್ಲಿ ಪಾಠ ಹೇಳುತ್ತಿದ್ದಾಗ ಹಂಗಾಮಿಗೊಮ್ಮೆ ಬಿ.ಎಸ್ಸಿ. ಮಕ್ಕಳನ್ನು ಜುಗೂಳದ ಗಾಣಕ್ಕೆ ಕರೆತಂದು, ಒಲೆಯೆದುರು ನಿಲ್ಲಿಸಿ, ಮಾರಿಗೆ ಬಡಿದದ್ದು ಯಾವ ಬೆಳಕೆಂಬ ಅದೇ ಪ್ರಶ್ನೆ ಕೇಳುತ್ತಿದ್ದೆ. ಅವರಲ್ಲಿ ಇಬ್ಬರು ಆಮೇಲೆ ಧಾರವಾಡದಲ್ಲೇ ಎಂ.ಎಸ್ಸಿ. ಮುಗಿಸಿದರು. ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅವರ ಹೆಸರು ಬಿಟ್ಟುಹೋಗಿದೆ. ಅಚ್ಚಿಗೆ ಹೋಗುವ ಮೊದಲು ಸೇರಿಸಬೇಕೆಂದು ಸಂಪಾದಕರಲ್ಲಿ ವಿನಂತಿ.